ಒಂದೊಂದೇ ಬದಲಿಸಿ ನೋಡಿ: ಕಾಫಿ, ಊಟದ ತಟ್ಟೆ, ಉಸಿರು – ಮೂರು ತಿಂಗಳ ಪ್ರಯೋಗಕ್ಕೆ ಸಮಗ್ರ ಮಾರ್ಗದರ್ಶಿ

ಸೋಮವಾರದಿಂದ ಸಕ್ಕರೆ ಬಂದ್, ಅನ್ನದ ಬದಲು ಸಿರಿಧಾನ್ಯ, ಬೆಳಗ್ಗೆ ಐದಕ್ಕೆ ಎದ್ದು ಧ್ಯಾನ, ರಾತ್ರಿ ಏಳಕ್ಕೇ ಊಟ. ಹೀಗೆ ಎಲ್ಲವನ್ನೂ ಒಂದೇ ದಿನ ಹಿಡಿದವರು ಹೆಚ್ಚಿನವರು ಎಲ್ಲವನ್ನೂ ಒಟ್ಟಿಗೇ ಬಿಡುತ್ತಾರೆ. ಬಿಡದೆ ಉಳಿದವರಿಗೂ ಒಂದು ತೊಡಕು ಉಳಿದೇ ಇರುತ್ತದೆ. ನಿದ್ದೆ ಚೆನ್ನಾಗಿ ಬರತೊಡಗಿದರೆ ಅದು ಸಂಜೆಯ ಕಾಫಿ ನಿಂತದ್ದರಿಂದಲೋ, ಬೇಗ ಉಂಡದ್ದರಿಂದಲೋ, ಧ್ಯಾನದಿಂದಲೋ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಪ್ರಯೋಜನವಿಲ್ಲದ ಕಟ್ಟುಪಾಡುಗಳನ್ನೂ ಹೊತ್ತು ತಿರುಗುತ್ತಾರೆ, ಅದರ ಭಾರಕ್ಕೆ ಬೇಸತ್ತು ಕೆಲಸಕ್ಕೆ ಬರುತ್ತಿದ್ದ ಒಂದನ್ನೂ ಕೈಬಿಡುತ್ತಾರೆ.

ಈ ಮಾರ್ಗದರ್ಶಿಯ ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಈಗಿನ ಸ್ಥಿತಿಯನ್ನು ಬರೆದಿಡಬೇಕು. ಆಮೇಲೆ ಒಂದನ್ನು ಬದಲಿಸಿ ನೋಡಬೇಕು. ಗುಣ ಕಂಡರೆ ಕೆಲವು ದಿನ ಹಳೆಯದಕ್ಕೇ ಮರಳಿ, ಗುಣ ಹೋಗುತ್ತದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್, ಅಡುಗೆಮನೆಯ ತಕ್ಕಡಿ (5 ಕೆಜಿವರೆಗೆ ತೂಗುವ ಸಾಮಾನ್ಯ ಡಿಜಿಟಲ್ ತಕ್ಕಡಿ ಸಾಕು), ಅಳತೆಯ ಚಮಚ ಮತ್ತು ಹದಿಮೂರು ವಾರ. ಮೊದಲ ವಾರ ಬರೀ ದಾಖಲೆ. ನಂತರ ಮೂರು ವಾರ ಕಾಫಿ, ಮೂರು ವಾರ ಮಧ್ಯಾಹ್ನದ ಊಟ, ನಾಲ್ಕು ವಾರ ಉಸಿರಿನ ಅಭ್ಯಾಸ. ಉಳಿದ ಸುಮಾರು ಎರಡು ವಾರ ಪ್ರತಿ ಹಂತದ ಕೊನೆಗೆ ಹಿಂದಕ್ಕೆ ಹೋಗಿ ನೋಡುವ ಪರೀಕ್ಷೆಗಳಿಗೆ. ಕೆಳಗಿನ ತಲೆಬರಹಗಳ ವಾರದ ಎಣಿಕೆಯಲ್ಲಿ ಆ ದಿನಗಳು ಸೇರಿಲ್ಲ.

ಶುರು ಮಾಡುವ ಮೊದಲು

ದಣಿವು, ನಿದ್ದೆಗೇಡು, ಸಿಡುಕು ಇವಕ್ಕೆಲ್ಲ ಊಟ ಮತ್ತು ಮನಸ್ಸೇ ಕಾರಣ ಎಂದು ಮೊದಲೇ ತೀರ್ಮಾನಿಸಬೇಡಿ. ತಿಂಗಳುಗಟ್ಟಲೆ ಸುಸ್ತು ಇದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್‌ನ ಟಿಎಸ್‌ಎಚ್, ವಿಟಮಿನ್ ಬಿ12, ಬರಿ ಹೊಟ್ಟೆಯ ಸಕ್ಕರೆ – ಇಷ್ಟನ್ನು ವೈದ್ಯರ ಸಲಹೆಯಂತೆ ನೋಡಿಸಿಕೊಳ್ಳಿ. ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಕೊರತೆ ಸಾಮಾನ್ಯ. ಅದಕ್ಕೆ ಎಷ್ಟು ಧ್ಯಾನ ಮಾಡಿದರೂ ಪರಿಹಾರವಿಲ್ಲ, ಮಾತ್ರೆಯೋ ಚುಚ್ಚುಮದ್ದೋ ಬೇಕು. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರುಕಟ್ಟಿ ಎಚ್ಚರವಾಗುವವರು ನಿದ್ದೆಯ ಪರೀಕ್ಷೆ ಮಾಡಿಸಬೇಕು. ಕಾರಣವಿಲ್ಲದೆ ತೂಕ ಇಳಿಯುವುದು, ಮಲದಲ್ಲಿ ರಕ್ತ, ನುಂಗಲು ಕಷ್ಟ ಇವುಗಳಲ್ಲಿ ಯಾವುದು ಕಂಡರೂ ಪ್ರಯೋಗ ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನ, ಮುದ್ದೆಯ ಪ್ರಮಾಣ ಕಡಿಮೆ ಮಾಡಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಮಾತ್ರೆಯ ಪ್ರಮಾಣದ ಬಗ್ಗೆ ಮೊದಲೇ ಕೇಳಿಕೊಳ್ಳಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಏರಿಸಬಾರದು, ಸೊಪ್ಪಿನ ವಿಟಮಿನ್ ಕೆ ಆ ಔಷಧದ ಕೆಲಸವನ್ನು ತಗ್ಗಿಸುತ್ತದೆ. ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆ ಇರುವವರು, ಊಟ ಬಿಡುವ ಅಥವಾ ತಿಂದು ವಾಂತಿ ಮಾಡುವ ಸಮಸ್ಯೆ ಒಮ್ಮೆಯಾದರೂ ಇದ್ದವರು ತಟ್ಟೆಯ ಭಾಗವನ್ನು ವೈದ್ಯರ ಜೊತೆ ಮಾತಾಡಿಯೇ ಮಾಡಲಿ. ಕೊನೆಯವರಿಗಂತೂ ತೂಗುವುದು, ಅಂಕ ಬರೆಯುವುದೇ ಹಾನಿ ಮಾಡಬಹುದು.

ಸಮಯದ ಆಯ್ಕೆಯೂ ಮುಖ್ಯ. ಶ್ರಾವಣದಿಂದ ದೀಪಾವಳಿವರೆಗೆ ಹಬ್ಬಗಳು ಸಾಲುಗಟ್ಟಿರುತ್ತವೆ. ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಇದ್ದರೆ ಆ ತಿಂಗಳೂ ಬೇಡ. ಒಂದೆರಡು ಹಬ್ಬ ನಡುವೆ ಬಂದರೆ ಚಿಂತೆಯಿಲ್ಲ, ಅವನ್ನು ಗುರುತು ಹಾಕಿ ಲೆಕ್ಕದಿಂದ ಬಿಟ್ಟರಾಯಿತು.

ಮೊದಲ ವಾರ: ಏನನ್ನೂ ಬದಲಿಸದೆ ಬರೆಯುವುದು

ಹೆಚ್ಚಿನವರು ಹಾರಿಸಿಬಿಡುವ ವಾರ ಇದು. ಆದರೆ ಇದಿಲ್ಲದೆ ಮುಂದಿನ ಹನ್ನೆರಡು ವಾರಕ್ಕೆ ಅರ್ಥವೇ ಇಲ್ಲ. ದಿನಕ್ಕೆ ಒಂದು ಸಾಲು, ಸಾಲಿನಲ್ಲಿ ಐದು ಅಂಕಣ:

1. ಮಲಗಿದ ಸಮಯ, ನಿದ್ದೆ ಹತ್ತಲು ಹಿಡಿದ ಅಂದಾಜು ನಿಮಿಷ, ನಡುವೆ ಎಚ್ಚರವಾದದ್ದು ಎಷ್ಟು ಸಲ, ಎದ್ದ ಸಮಯ.
2. ಎದ್ದ ಮೇಲೆ, ಕಾಫಿಗೆ ಮೊದಲು, ಮೈಮನಸ್ಸಿನ ಹುರುಪು: 0ಯಿಂದ 10.
3. ಸಂಜೆ 4ಕ್ಕೆ ಎಚ್ಚರ ಮತ್ತು ಗಮನ: 0ಯಿಂದ 10.
4. ರಾತ್ರಿ ಮಲಗುವ ಮುನ್ನ, ಆ ದಿನದ ಸಿಡುಕು ಅಥವಾ ಆತಂಕ: 0ಯಿಂದ 10.
5. ಹೊಟ್ಟೆ: ಗ್ಯಾಸ್, ಎದೆಯುರಿ, ಮಲಬದ್ಧತೆ – ಇದ್ದರೆ ಗುರುತು, ಇಲ್ಲದಿದ್ದರೆ ಖಾಲಿ.

ಪಕ್ಕದಲ್ಲಿ ಟಿಪ್ಪಣಿಗೆ ಸ್ವಲ್ಪ ಜಾಗ ಬಿಡಿ: ಮುಟ್ಟು, ಜ್ವರ, ಪ್ರಯಾಣ, ಹೊರಗಿನ ಊಟ, ಏಕಾದಶಿ ಅಥವಾ ಸಂಕಷ್ಟಿಯ ಉಪವಾಸ, ಮದ್ಯ, ಮಗು ರಾತ್ರಿ ಎಬ್ಬಿಸಿದ್ದು. ತಿಂಗಳ ಮುಟ್ಟಿನ ಆಸುಪಾಸಿನಲ್ಲಿ ನಿದ್ದೆಯೂ ಮನಸ್ಸೂ ತಾನಾಗಿಯೇ ಏರಿಳಿಯುತ್ತವೆ. ಗುರುತು ಇಲ್ಲದಿದ್ದರೆ ಆ ತಪ್ಪು ಆ ವಾರ ಬದಲಿಸಿದ ಕಾಫಿಯದೋ ಬೇಳೆಯದೋ ತಲೆಗೆ ಬರುತ್ತದೆ.

ಅಂಕಗಳಿಗೆ ಮೊದಲೇ ಅರ್ಥ ಬರೆದಿಟ್ಟುಕೊಳ್ಳಿ. ಹುರುಪಿನ ಅಂಕಣದಲ್ಲಿ 0 ಎಂದರೆ ಹಾಸಿಗೆಯಿಂದ ಏಳಲಾಗದು, 5 ಎಂದರೆ ನಿಮ್ಮ ಎಂದಿನ ದಿನ, 10 ಎಂದರೆ ನೆನಪಿರುವಂಥ ಒಳ್ಳೆಯ ದಿನ. ಬರೆಯುವಾಗ ಹಿಂದಿನ ದಿನದ ಸಾಲನ್ನು ಕಾಗದದಿಂದ ಮುಚ್ಚಿ. ನಿನ್ನೆ 5 ಕೊಟ್ಟದ್ದು ಕಂಡರೆ ಇವತ್ತು 6 ಕೊಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ತಪ್ಪಿದ ದಿನವನ್ನು ನೆನಪಿನಿಂದ ತುಂಬಬೇಡಿ, ಖಾಲಿ ಬಿಡಿ. ತೂಕ ಬೇಕೆಂದರೆ ವಾರಕ್ಕೊಮ್ಮೆ, ಬೆಳಗ್ಗೆ ಶೌಚವಾದ ಮೇಲೆ, ಬರಿ ಹೊಟ್ಟೆಯಲ್ಲಿ ನೋಡಿದರೆ ಸಾಕು. ದಿನದಿಂದ ದಿನಕ್ಕೆ ಕಾಣುವ ಏರಿಳಿತ ಹೆಚ್ಚಾಗಿ ನೀರು ಮತ್ತು ಉಪ್ಪಿನದು.

ವಾರದ ಕೊನೆಗೆ ಪ್ರತಿ ಅಂಕಣದ ಸರಾಸರಿ ತೆಗೆಯಿರಿ, ಕನಿಷ್ಠ ಮತ್ತು ಗರಿಷ್ಠವನ್ನೂ ಬರೆಯಿರಿ. ಉದಾಹರಣೆಗೆ ಸಂಜೆ 4ರ ಅಂಕ 4ರಿಂದ 7ರವರೆಗೆ ಓಡಾಡಿ ಸರಾಸರಿ 5.4 ಬಂತು ಎನ್ನಿ. ಮುಂದೆ ಯಾವ ಬದಲಾವಣೆಯಿಂದಲಾದರೂ ಸರಾಸರಿ 5.7 ಆದರೆ ಅದನ್ನು ಏನೂ ಆಗಿಲ್ಲ ಎಂದೇ ಓದಬೇಕು. 6.8 ಆದರೆ ಮತ್ತೊಮ್ಮೆ ಪರೀಕ್ಷಿಸಲು ಯೋಗ್ಯ.

ಎರಡರಿಂದ ನಾಲ್ಕನೇ ವಾರ: ಕಾಫಿಯ ಗಡಿಯಾರ

ಕಾಫಿಯಿಂದ ಶುರು ಮಾಡಲು ಕಾರಣವಿದೆ. ಇದರ ಫಲ ಬೇಗ ಕಾಣುತ್ತದೆ, ಅಳೆಯಲು ಸುಲಭ, ಅಡುಗೆ ಮಾಡುವವರಿಗೆ ಹೊರೆಯಿಲ್ಲ. ಕಾಫಿಯನ್ನು ಬಿಡಿಸುವುದು ಇಲ್ಲಿನ ಗುರಿಯಲ್ಲ. ಬೆಳಗಿನ ಒಂದು ಲೋಟ ಡಿಕಾಕ್ಷನ್ ಕಾಫಿ ಹೆಚ್ಚಿನವರಿಗೆ ಯಾವ ಕೇಡನ್ನೂ ಮಾಡುವುದಿಲ್ಲ. ಬದಲಿಸಬೇಕಾದದ್ದು ಕುಡಿಯುವ ಹೊತ್ತನ್ನು ಮತ್ತು ಒಟ್ಟು ಪ್ರಮಾಣವನ್ನು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿ ಬ್ರೂ ಮಾಡಿದ ಕಾಫಿಯಲ್ಲಿ 80ರಿಂದ 120 ಮಿಗ್ರಾಂ ಕೆಫೀನ್, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಒಂದು ಸಲದ ಚಹಾದಲ್ಲಿ 30ರಿಂದ 65 ಮಿಗ್ರಾಂ ಇರುತ್ತದೆ. ದಿನದ ಮಿತಿ 300 ಮಿಗ್ರಾಂ. ದೇಹದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು. ಸಂಜೆ 5ಕ್ಕೆ ಕುಡಿದ 100 ಮಿಗ್ರಾಂನಲ್ಲಿ ರಾತ್ರಿ 10ಕ್ಕೆ ಇನ್ನೂ 50 ಮಿಗ್ರಾಂ ಮೈಯಲ್ಲಿರುತ್ತದೆ, ಎಂದರೆ ಮಲಗುವ ಮುನ್ನ ಒಂದು ಚಹಾ ಕುಡಿದಷ್ಟು. ಕೆಲವರಲ್ಲಿ ಇದು ಬೇಗ ಕರಗುತ್ತದೆ, ಕೆಲವರಲ್ಲಿ ನಿಧಾನ. ಗರ್ಭಿಣಿಯರಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಹಳ ನಿಧಾನ. ‘ನನಗೆ ರಾತ್ರಿ ಕಾಫಿ ಕುಡಿದರೂ ನಿದ್ದೆ ಬರುತ್ತೆ’ ಎನ್ನುವವರಿಗೆ ನಿದ್ದೆ ಬರುವುದೇನೋ ನಿಜ. ಆದರೆ ಆ ನಿದ್ದೆ ಎಷ್ಟು ಆಳವಾಗಿತ್ತು ಎಂಬುದು ಮಲಗಿದವರಿಗೆ ತಿಳಿಯದು. ಅದಕ್ಕಾಗಿಯೇ ಎರಡನೇ ಅಂಕಣ, ಬೆಳಗಿನ ಹುರುಪು.

ಮೊದಲ ಏಳು ದಿನ ಇಳಿಸುವುದಕ್ಕೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಒಮ್ಮೆಗೇ ಎರಡಕ್ಕೆ ಇಳಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಬಹುದು, ಜೊತೆಗೆ ಮಂಪರು, ಸಿಡುಕು. ಎರಡನೇ ದಿನದ ಹೊತ್ತಿಗೆ ಅದು ಜೋರಾಗಿದ್ದು ವಾರದವರೆಗೂ ಎಳೆಯಬಹುದು. ಇದನ್ನೇ ‘ಕಾಫಿ ಬಿಟ್ಟರೆ ನನಗಾಗದು’ ಎಂಬುದಕ್ಕೆ ಸಾಕ್ಷಿಯೆಂದು ತಿಳಿದು ಹಲವರು ಇಲ್ಲೇ ನಿಲ್ಲಿಸುತ್ತಾರೆ. ಇಳಿಸಲು ನಮ್ಮಲ್ಲಿ ಎರಡು ಸುಲಭ ದಾರಿಗಳಿವೆ. ಒಂದು, ಬೈಟು: ಸಲಗಳನ್ನು ಹಾಗೇ ಉಳಿಸಿ, ದಿನಕ್ಕೆ ಒಂದೊಂದೇ ಲೋಟವನ್ನು ಅರ್ಧಕ್ಕಿಳಿಸುತ್ತಾ ಬಂದು, ಮೂರು ದಿನ ಬಿಟ್ಟು ಸಂಜೆಯ ಅರ್ಧ ಲೋಟವನ್ನು ನಿಲ್ಲಿಸುವುದು. ಎರಡು, ಪುಡಿ: ಚಿಕೋರಿಯಲ್ಲಿ ಕೆಫೀನ್ ಇಲ್ಲ. 80:20 ಪುಡಿಯಿಂದ 60:40ಕ್ಕೆ ಬಂದರೆ ಲೋಟದ ಬಣ್ಣ, ಗಟ್ಟಿತನ ಉಳಿದು ಕೆಫೀನ್ ಸುಮಾರು ಕಾಲು ಭಾಗ ತಗ್ಗುತ್ತದೆ. ಪೊಟ್ಟಣದ ಮೇಲೆ ಕಾಫಿ–ಚಿಕೋರಿ ಪ್ರಮಾಣ ಅಚ್ಚಾಗಿರುತ್ತದೆ, ಓದಿಕೊಳ್ಳಿ.

ಮುಂದಿನ ಹದಿನಾಲ್ಕು ದಿನ ನಿಯಮ ಹೀಗಿರಲಿ. ಕೊನೆಯ ಕಾಫಿ ಅಥವಾ ಚಹಾ ಮಧ್ಯಾಹ್ನ 1ರೊಳಗೆ. ದಿನಕ್ಕೆ ಹೆಚ್ಚೆಂದರೆ 150 ಮಿಲಿಯ ಎರಡು ಲೋಟ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಎರಡೂ ಬೇಡ, ಏಕೆಂದರೆ ಕಾಫಿ, ಚಹಾದ ಟ್ಯಾನಿನ್‌ಗಳು ಸೊಪ್ಪು ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ಇಡ್ಲಿ, ದೋಸೆಯ ಜೊತೆಗೇ ಕಾಫಿ ಕುಡಿಯುವ ರೂಢಿ ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗೆ ನಿಜವಾಗಿಯೂ ನಷ್ಟದ್ದು. ಥೈರಾಯ್ಡ್ ಮಾತ್ರೆ ನುಂಗುವವರು ಅದನ್ನು ಬರಿ ಹೊಟ್ಟೆಯಲ್ಲಿ ನೀರಿನ ಜೊತೆ ತೆಗೆದುಕೊಂಡು ಅರ್ಧ ಗಂಟೆಯಿಂದ ಒಂದು ಗಂಟೆ ಕಳೆದ ಮೇಲೆ ಕಾಫಿ ಕುಡಿಯಬೇಕು. ಕಬ್ಬಿಣದ ಮಾತ್ರೆಯನ್ನು ಕಾಫಿ, ಹಾಲಿನ ಜೊತೆ ನುಂಗಬಾರದು.

ಸಂಜೆಯ ಹೊತ್ತು ಕೈಗೊಂದು ಬಿಸಿ ಲೋಟ ಬೇಕೇ ಬೇಕು. ಆ ಜಾಗ ಖಾಲಿ ಬಿಟ್ಟರೆ ಪ್ರಯೋಗ ಉಳಿಯುವುದಿಲ್ಲ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಒಂದು ಪಾಲು, ಸ್ವಲ್ಪ ಒಣಶುಂಠಿ, ನಾಲ್ಕೈದು ಕಾಳುಮೆಣಸು ಹುರಿದು ಪುಡಿ ಮಾಡಿ, ಒಂದು ಚಮಚ ಪುಡಿಯನ್ನು ನೀರಲ್ಲಿ ಕುದಿಸಿ ಹಾಲು ಬೆರೆಸಿದ ಕಷಾಯ ಈ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಸಕ್ಕರೆಯನ್ನು ಮಾತ್ರ ಈ ಮೂರು ವಾರ ಮುಟ್ಟಬೇಡಿ, ಮೊದಲಿದ್ದಷ್ಟೇ ಇರಲಿ. ಅದೂ ಇಳಿದರೆ ಎರಡು ಬದಲಾವಣೆ ಸೇರಿಹೋಗುತ್ತವೆ.

ಸರಾಸರಿ ತೆಗೆಯುವಾಗ ಇಳಿಸುವ ವಾರವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಕೊನೆಯ ಹದಿನಾಲ್ಕು ದಿನಗಳನ್ನಷ್ಟೇ ತೆಗೆದುಕೊಳ್ಳಿ. ನಿದ್ದೆ ಅಥವಾ ಬೆಳಗಿನ ಹುರುಪು ಸುಧಾರಿಸಿದ್ದರೆ ನಾಲ್ಕು ದಿನ ಸಂಜೆಯ ಕಾಫಿಯನ್ನು ಬೇಕೆಂದೇ ಮರಳಿ ತನ್ನಿ. ಅಂಕ ಮತ್ತೆ ಬಿದ್ದರೆ ಸಂಗತಿ ಖಚಿತ. ಬೀಳದಿದ್ದರೆ ನಿಮ್ಮ ಮೈಗೆ ಸಂಜೆಯ ಕಾಫಿ ತೊಂದರೆಯಲ್ಲ, ನಿಶ್ಚಿಂತೆಯಿಂದ ಕುಡಿಯಿರಿ.

ಐದರಿಂದ ಏಳನೇ ವಾರ: ಮಧ್ಯಾಹ್ನದ ಊಟ

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ: ತಿನ್ನುವ ರೀತಿ ಮತ್ತು ತಟ್ಟೆಯಲ್ಲಿರುವುದು. ಎರಡನ್ನೂ ಒಟ್ಟಿಗೆ ಬದಲಿಸಬೇಡಿ. ಮೊದಲ ವಾರ ತಟ್ಟೆ ಹಾಗೇ ಇರಲಿ, ತಿನ್ನುವ ರೀತಿ ಮಾತ್ರ ಬದಲಾಗಲಿ. ಎಷ್ಟೋ ಜನರಿಗೆ ಇಷ್ಟರಿಂದಲೇ ಎರಡನೇ ಸಲದ ಅನ್ನ ತಾನಾಗಿ ಕಡಿಮೆಯಾಗುತ್ತದೆ.

ಫೋನು ಬೇರೆ ಕೋಣೆಯಲ್ಲಿರಲಿ, ಟಿವಿ ಆರಿಸಿರಲಿ. ಕೂತ ಮೇಲೆ ಹಸಿವಿಗೆ 0ಯಿಂದ 10ರೊಳಗೆ ಒಂದು ಅಂಕ ಕೊಡಿ. 3ಕ್ಕಿಂತ ಕಡಿಮೆ ಇದ್ದರೆ ನೀವು ಉಣ್ಣುತ್ತಿರುವುದು ಗಡಿಯಾರ ನೋಡಿ, 8 ದಾಟಿದ್ದರೆ ತಡಮಾಡಿದ್ದೀರಿ, ಗಬಗಬ ತಿನ್ನುವುದು ಖಚಿತ. ಮೊದಲ ಐದು ತುತ್ತು ಮಾತಿಲ್ಲದೆ ಉಣ್ಣಿ. ಅನ್ನ ಕಲಸುವಾಗ ಬೆರಳಿಗೆ ತಾಗುವ ಬಿಸಿ, ಸಾರಿನ ಹುಳಿ ಮೊದಲು ತಿಳಿಯುತ್ತದೆಯೋ ಖಾರವೋ, ತುತ್ತು ಗಂಟಲಿಳಿದ ಮೇಲೆ ಬಾಯಲ್ಲಿ ಏನು ಉಳಿಯುತ್ತದೆ – ಇಷ್ಟನ್ನೇ ಗಮನಿಸಿ. ಬಾಯಲ್ಲಿದ್ದದ್ದು ಇಳಿಯುವವರೆಗೆ ಮುಂದಿನ ತುತ್ತಿಗೆ ಕೈ ಹಾಕಬೇಡಿ. ಐದು ತುತ್ತಿನ ನಂತರ ಮನೆಯವರೊಡನೆ ಮಾತಾಡುತ್ತಾ ಉಣ್ಣಬಹುದು. ಇಡೀ ಊಟವನ್ನು ಮೌನವ್ರತ ಮಾಡಿದರೆ ನಾಲ್ಕನೇ ದಿನಕ್ಕೆ ಮನೆಯಲ್ಲಿ ಜಗಳವಾಗುತ್ತದೆ. ಮತ್ತೊಮ್ಮೆ ಬಡಿಸಿಕೊಳ್ಳುವ ಮೊದಲು ಮೂರು ನಿಮಿಷ ನಿಲ್ಲಿ, ಹಸಿವಿನ ಅಂಕ ಮತ್ತೆ ನೋಡಿ. ಹೊಟ್ಟೆ ತುಂಬಿದ ಸಂಕೇತ ಮಿದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಏಳು ನಿಮಿಷದಲ್ಲಿ ಉಂಡೆದ್ದವರಿಗೆ ಅದು ಬರುವುದು ಕೈ ತೊಳೆದ ಮೇಲೆ.

ಪ್ರತಿ ತುತ್ತನ್ನು ಮೂವತ್ತೆರಡು ಸಲ ಅಗಿಯಿರಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಮುದ್ದೆ ಉಣ್ಣುವವರಿಗೆ ಇದು ಅನ್ವಯಿಸದು. ಮುದ್ದೆಯನ್ನು ನುಂಗುತ್ತಾರೆ, ಅಗಿದರೆ ಬಾಯಿಗೆ ಅಂಟುತ್ತದೆ. ಅವರು ತುತ್ತನ್ನು ಸಣ್ಣದಾಗಿ ಮುರಿದು, ಪ್ರತಿ ಎರಡು ತುತ್ತಿಗೊಮ್ಮೆ ಸಾರಿನ ಕಾಳು ಅಥವಾ ಪಲ್ಯವನ್ನು ಚೆನ್ನಾಗಿ ಅಗಿಯಲಿ. ನಿಧಾನ ಅಲ್ಲಿಂದ ಬರುತ್ತದೆ.

ಮುಂದಿನ ಎರಡು ವಾರ ತಟ್ಟೆ. ನಮ್ಮ ಮಧ್ಯಾಹ್ನದ ಊಟದ ದೋಷ ಅನ್ನವೋ ಮುದ್ದೆಯೋ ಇರುವುದಲ್ಲ. ಅದರ ಪಕ್ಕದಲ್ಲಿ ಇರಬೇಕಾದದ್ದು ತೀರಾ ಕಡಿಮೆ ಇರುವುದು. ದೊಡ್ಡ ಗುಡ್ಡೆ ಅನ್ನ, ತಿಳಿಸಾರು, ಒಂದು ಚಮಚ ಪಲ್ಯ, ಹಪ್ಪಳ, ಕೊನೆಗೆ ಮತ್ತೆ ಮೊಸರನ್ನ ಉಂಡರೆ ಹೊಟ್ಟೆ ತುಂಬುತ್ತದೆ, ಪ್ರೋಟೀನು ನಾರು ಸಿಗುವುದಿಲ್ಲ. ಮೂರೂವರೆ ಗಂಟೆಗೆ ಕಣ್ಣು ಎಳೆಯುತ್ತದೆ, ಐದಕ್ಕೆ ಬಜ್ಜಿ, ಬನ್ನು ಬೇಕೆನಿಸುತ್ತದೆ. ತಿಳಿಸಾರಿನ ಬೇಳೆಯೆಲ್ಲ ಪಾತ್ರೆಯ ತಳದಲ್ಲಿರುತ್ತದೆ. ಸೌಟನ್ನು ತಳಮುಟ್ಟಿಸಿ ಬಡಿಸಿಕೊಳ್ಳುವುದೇ ಖರ್ಚಿಲ್ಲದ ಮೊದಲ ತಿದ್ದುಪಡಿ.

ಹೆಚ್ಚು ಮೈಮುರಿದು ದುಡಿಯದ, ಸುಮಾರು 60 ಕೆಜಿ ತೂಕದ ವಯಸ್ಕರಿಗೆ ಒಂದು ಊಟದ ಅಳತೆ: ಅಕ್ಕಿ ಅಥವಾ ರಾಗಿಹಿಟ್ಟು ಅಥವಾ ಜೋಳದ ಹಿಟ್ಟು 75 ಗ್ರಾಂ (ಬೇಯಿಸುವ ಮೊದಲಿನ ತೂಕ), ಬೇಳೆ ಅಥವಾ ಕಾಳು ಒಣ ತೂಕ 30 ಗ್ರಾಂ, ತರಕಾರಿ ಮತ್ತು ಸೊಪ್ಪು ಸೇರಿ 150 ಗ್ರಾಂ, ಮೊಸರು 100 ಗ್ರಾಂ, ಎಣ್ಣೆ ಎರಡು ಟೀ ಚಮಚ. ರೈಸ್ ಕುಕ್ಕರಿನ ಜೊತೆ ಬರುವ 180 ಮಿಲಿ ಲೋಟದಲ್ಲಿ 150 ಗ್ರಾಂ ಅಕ್ಕಿ ಹಿಡಿಯುತ್ತದೆ, ಎಂದರೆ ಒಬ್ಬರಿಗೆ ಅರ್ಧ ಲೋಟ. ಹೊಲದಲ್ಲೋ ಕಟ್ಟಡದ ಕೆಲಸದಲ್ಲೋ ದುಡಿಯುವವರಿಗೆ ಈ ಧಾನ್ಯ ಸಾಲದು, ಏರಿಸಿಕೊಳ್ಳಿ. ಬೇಳೆ, ತರಕಾರಿಗಳನ್ನು ಮಾತ್ರ ಇಳಿಸಬೇಡಿ. ರಾಷ್ಟ್ರೀಯ ಪೋಷಣಾ ಸಂಸ್ಥೆ ಇಡೀ ದಿನಕ್ಕೆ ಹೇಳುವುದು ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿ. ಈ ಊಟ ಅದರೊಳಗೆ ಕೂರುತ್ತದೆ.

ಇದಕ್ಕೆ ಹೊಸ ಅಡುಗೆ ಕಲಿಯಬೇಕಿಲ್ಲ. ಬಸ್ಸಾರು ಒಂದೇ ಪಾತ್ರೆಯಲ್ಲಿ ಎರಡೂ ಕೊಡುತ್ತದೆ: ಇಬ್ಬರಿಗೆ 60 ಗ್ರಾಂ ಹೆಸರುಕಾಳು, 250 ಗ್ರಾಂ ದಂಟಿನ ಸೊಪ್ಪು ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಮಸೊಪ್ಪೂ ಹಾಗೆಯೇ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಕಾಳಿನ ಪಲ್ಯ, ಜೊತೆಗೆ ಹಸಿ ಮೆಂತ್ಯ, ಮೂಲಂಗಿ, ಸೌತೆ ಇರುವ ತಟ್ಟೆಯಲ್ಲಿ ತಿದ್ದುವುದಕ್ಕೆ ಹೆಚ್ಚೇನೂ ಇಲ್ಲ. ಕರಾವಳಿಯವರಿಗೆ ಕುಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆ. ಸೊಪ್ಪಿನ ವೈವಿಧ್ಯ ಸಿಗದ ಹೊರದೇಶದಲ್ಲಿರುವವರು ಫ್ರೀಜ್ ಮಾಡಿದ ಪಾಲಕ್ ಮತ್ತು ತೊಗರಿಬೇಳೆಯಲ್ಲೇ ಮಸೊಪ್ಪು ಮಾಡಬಹುದು.

ಬಡಿಸಿದ್ದನ್ನು ತಿನ್ನುವ ಕ್ರಮಕ್ಕೂ ಬೆಲೆಯಿದೆ. ತರಕಾರಿ ಮತ್ತು ಪ್ರೋಟೀನು ಮೊದಲು, ಅನ್ನ ಆಮೇಲೆ ತಿಂದರೆ ಊಟದ ನಂತರ ರಕ್ತದ ಸಕ್ಕರೆ ಏರುವುದು ಕಡಿಮೆ ಎಂದು ಅಧ್ಯಯನಗಳಲ್ಲಿ ಕಂಡಿದೆ. ಬಾಳೆ ಎಲೆಯಲ್ಲಿ ಅನ್ನಕ್ಕಿಂತ ಮೊದಲು ಕೋಸಂಬರಿ, ಪಲ್ಯ ಬರುತ್ತವೆ. ಬಂದಾಗಲೇ ತಿಂದುಬಿಡಿ, ಅನ್ನಕ್ಕಾಗಿ ಕಾಯಬೇಡಿ. ಮೇಲೆ ನಿಂಬೆಹುಳಿ ಹಿಂಡಿದರೆ ಅದರ ವಿಟಮಿನ್ ಸಿ ಕಬ್ಬಿಣಾಂಶ ಹತ್ತಲು ನೆರವಾಗುತ್ತದೆ.

ರಾಗಿಯ ಬಗ್ಗೆ ಒಂದು ಮಾತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಹಾಗೆಂದು ರಾಗಿ ತಿಂದರೆ ಸಕ್ಕರೆ ಏರುವುದೇ ಇಲ್ಲ ಎಂಬುದು ತಪ್ಪು. ನುಣ್ಣಗೆ ಬೀಸಿದ ಹಿಟ್ಟಿನ ತೆಳು ಗಂಜಿ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಸೊಪ್ಪು, ಕಾಳಿನ ಜೊತೆ ಉಂಡ ಮುದ್ದೆ ಬೇರೆ, ಬೆಲ್ಲ ಹಾಕಿದ ರಾಗಿ ಗಂಜಿ ಬೇರೆ.

ಈ ಹಂತ ಕೆಡುವುದು ಹೆಚ್ಚಾಗಿ ಗ್ಯಾಸಿನಿಂದ. ದಿನಕ್ಕೆ ಒಂದು ಹಿಡಿ ಬೇಳೆ ತಿನ್ನುತ್ತಿದ್ದ ಹೊಟ್ಟೆಗೆ ಏಕಾಏಕಿ ಕಡಲೆ, ಅಲಸಂದೆ, ಹುರುಳಿ ಬಂದರೆ ಅದರ ಜೀರ್ಣವಾಗದ ಸಕ್ಕರೆಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುಳಿಸಿ ಗಾಳಿ ಮಾಡುತ್ತವೆ. ಮೊದಲ ನಾಲ್ಕು ದಿನ ತೊಗರಿಬೇಳೆ, ಹೆಸರುಬೇಳೆಯನ್ನಷ್ಟೇ ಹೆಚ್ಚಿಸಿ. ನಂತರ ಹೆಸರುಕಾಳು. ಎರಡನೇ ವಾರದಲ್ಲಿ ಹುರುಳಿ, ಅಲಸಂದೆ. ಕಾಳನ್ನು ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿ, ಬೆರಳಲ್ಲಿ ಹಿಸುಕಿದರೆ ಪೂರ್ತಿ ಮೆತ್ತಗಾಗಬೇಕು. ಮೊಳಕೆ ಬರಿಸಿದರೆ ಇನ್ನೂ ಹಗುರ: ಹೆಸರನ್ನು 8 ಗಂಟೆ ನೆನೆಸಿ 12ರಿಂದ 18 ಗಂಟೆ ಬಟ್ಟೆಯಲ್ಲಿ ಕಟ್ಟಿಡಿ. ಹುರುಳಿಗೆ 12 ಗಂಟೆ ನೆನೆ, 24ರಿಂದ 36 ಗಂಟೆ ಕಟ್ಟು, ಚಳಿಗಾಲದಲ್ಲಿ ಇನ್ನಷ್ಟು. ಎಂಟು ಗಂಟೆಗೊಮ್ಮೆ ತೊಳೆಯದಿದ್ದರೆ ಲೋಳೆಯಾಗಿ ವಾಸನೆ ಬರುತ್ತದೆ, ಅಂಥದ್ದನ್ನು ಎಸೆಯಬೇಕು. ಗರ್ಭಿಣಿಯರು, ವಯಸ್ಸಾದವರು ಹಸಿ ಮೊಳಕೆ ತಿನ್ನದೆ ಬೇಯಿಸಿ ತಿನ್ನಲಿ. ನಾರು ಹೆಚ್ಚಿದಾಗ ನೀರು ಹೆಚ್ಚದಿದ್ದರೆ ಮಲಬದ್ಧತೆ ಬರುತ್ತದೆ. ದಿನಕ್ಕೆ ಇನ್ನೆರಡು ಲೋಟ ನೀರು ಅಥವಾ ಉಪ್ಪು ಕಡಿಮೆ ಹಾಕಿದ ಮಜ್ಜಿಗೆ ಸಾಕು.

ಸಂಜೆ 4ರ ಅಂಕವನ್ನು ಇಲ್ಲಿ ಮುಖ್ಯವಾಗಿ ನೋಡಬೇಕು. ಮಧ್ಯಾಹ್ನದ ಮಂಪರು ಒಂದಿಷ್ಟು ದೇಹದ ಗಡಿಯಾರದ್ದೇ ಆದ್ದರಿಂದ ಪೂರ್ತಿ ಹೋಗುವುದಿಲ್ಲ, ತಗ್ಗಿದರೆ ಸಾಕು. ಮತ್ತೆ ನಾಲ್ಕು ದಿನ ಹಳೆಯ ತಟ್ಟೆಗೆ ಮರಳಿ ಹೋಲಿಸಿ.

ಎಂಟರಿಂದ ಹನ್ನೊಂದನೇ ವಾರ: ಉಸಿರು

ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಫಲ ನಿಧಾನ, ಮೊದಲ ಎರಡು ವಾರ ಅಂಕಗಳಲ್ಲಿ ಏನೂ ಕಾಣದೇ ಇರಬಹುದು. ಆಸ್ಪತ್ರೆಗಳಲ್ಲಿ ಈ ಅಭ್ಯಾಸವನ್ನು ಕಲಿಸುವ ಪ್ರಸಿದ್ಧ ಕ್ರಮವನ್ನು ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದರು. ಅದು ಎಂಟು ವಾರದ್ದು, ದಿನಕ್ಕೆ ಮುಕ್ಕಾಲು ಗಂಟೆಯದು. ಅದರ ಬೇರು ಬೌದ್ಧರ ಆನಾಪಾನ ಮತ್ತು ವಿಪಶ್ಯನಾ ಅಭ್ಯಾಸಗಳಲ್ಲಿದೆ. ಅಧ್ಯಯನಗಳಲ್ಲಿ ಕಂಡಿರುವುದು ಆತಂಕ ಮತ್ತು ಕುಗ್ಗಿದ ಮನಸ್ಸಿಗೆ ಸಾಧಾರಣ ಮಟ್ಟದ ಉಪಯೋಗ. ಪವಾಡವನ್ನು ನಿರೀಕ್ಷಿಸಬೇಡಿ. ಇಲ್ಲಿನದು ಅದಕ್ಕಿಂತ ಚಿಕ್ಕ ಅಭ್ಯಾಸ: ಮೊದಲ ವಾರ ದಿನಕ್ಕೆ 5 ನಿಮಿಷ, ಎರಡನೇ ವಾರ 10, ಕೊನೆಯ ಎರಡು ವಾರ 15.

ಹೊತ್ತು: ಹಲ್ಲುಜ್ಜಿದ ಮೇಲೆ, ಕಾಫಿಗೂ ಫೋನಿಗೂ ಮೊದಲು. ಒಮ್ಮೆ ಫೋನ್ ನೋಡಿದರೆ ಆ ದಿನ ಕೂರುವುದು ಕಷ್ಟ. ಕುರ್ಚಿಯಾದರೆ ಪಾದಗಳು ನೆಲಕ್ಕೆ ಪೂರ್ತಿ ತಾಗಲಿ, ಬೆನ್ನು ಒರಗದಿರಲಿ. ನೆಲದ ಮೇಲಾದರೆ ಮಡಿಸಿದ ಕಂಬಳಿಯ ಮೇಲೆ ಕೂತು ಸೊಂಟ ಮೊಣಕಾಲಿಗಿಂತ ಎತ್ತರ ಇರಿಸಿಕೊಳ್ಳಿ, ಇಲ್ಲದಿದ್ದರೆ ಎಂಟನೇ ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ. ಗಡಿಯಾರ ಇಣುಕಿ ನೋಡದಂತೆ ಟೈಮರ್ ಇಡಿ.

ಮೊದಲ ಒಂದು ನಿಮಿಷ ಮೈಯ ಭಾರ ಎಲ್ಲೆಲ್ಲಿ ತಾಗಿದೆ ಎಂದು ಗಮನಿಸಿ. ಆಮೇಲೆ ಉಸಿರು ಎಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆಯೋ ಅಲ್ಲಿ ಗಮನ ನಿಲ್ಲಿಸಿ – ಮೂಗಿನ ಹೊಳ್ಳೆಯ ಅಂಚು ಅಥವಾ ಹೊಟ್ಟೆಯ ಏರಿಳಿತ. ನಡುವೆ ಜಾಗ ಬದಲಿಸಬೇಡಿ. ಪ್ರತಿ ಸಲ ಉಸಿರು ಹೊರಹೋಗುವಾಗ ಮನಸ್ಸಿನಲ್ಲೇ ಎಣಿಸಿ: ಒಂದರಿಂದ ಹತ್ತು, ಮತ್ತೆ ಒಂದರಿಂದ. ಎಣಿಕೆ ತಪ್ಪಿದಾಗ, ಅಥವಾ ಹದಿನೇಳು ಇಪ್ಪತ್ತಕ್ಕೆ ಹೋಗಿಬಿಟ್ಟಾಗ, ಮನಸ್ಸು ಎಲ್ಲಿಗೆ ಹೋಗಿತ್ತು ಎಂದು ಒಂದೇ ಮಾತಿನಲ್ಲಿ ಗುರುತಿಸಿ (‘ಲೆಕ್ಕ’, ‘ಸಿಟ್ಟು’, ‘ತಿಂಡಿ’) ಒಂದರಿಂದ ಶುರು ಮಾಡಿ. ಹೋದದ್ದನ್ನು ಗುರುತಿಸಿ ಮರಳುವ ಆ ಕ್ಷಣವೇ ಅಭ್ಯಾಸ. ಐದು ನಿಮಿಷದಲ್ಲಿ ಮೂವತ್ತು ಸಲ ಮರಳಿದರೆ ಮೂವತ್ತು ಸಲ ಅಭ್ಯಾಸವಾಯಿತು. ‘ನನ್ನ ಮನಸ್ಸು ನಿಲ್ಲುವುದೇ ಇಲ್ಲ, ನನಗಿದು ಆಗದು’ ಎಂದು ಬಿಡುವವರೆಲ್ಲ ಬಿಡುವುದು ಇಲ್ಲಿಯೇ.

ಪ್ರಾಣಾಯಾಮ ಮಾಡಿ ರೂಢಿಯಿರುವವರಿಗೆ ಬೇರೊಂದು ತೊಡಕು: ಗೊತ್ತಿಲ್ಲದೆ ಉಸಿರನ್ನು ಉದ್ದ ಮಾಡುತ್ತಾರೆ, ಎದೆ ಬಿಗಿಯುತ್ತದೆ. ಪ್ರಾಣಾಯಾಮ ಬೇಕಿದ್ದರೆ ಮೊದಲು ಮುಗಿಸಿ. ಈ ಹೊತ್ತಿನಲ್ಲಿ ಉಸಿರು ಗಿಡ್ಡವಿದ್ದರೆ ಗಿಡ್ಡವೇ ಇರಲಿ. ತೂಕಡಿಕೆ ಬಂದರೆ ಕಣ್ಣು ಅರ್ಧ ತೆರೆಯಿರಿ ಅಥವಾ ನಿಂತು ಮಾಡಿ. ದಿನಾ ಬಂದರೆ ಮೊದಲ ಅಂಕಣ ನೋಡಿ, ನಿದ್ದೆಯೇ ಸಾಲುತ್ತಿಲ್ಲ. ನೆಗಡಿಯಾದಾಗ ಹೊಟ್ಟೆಯನ್ನು ಗಮನಿಸಿ. ಕುಕ್ಕರಿನ ವಿಷಲ್, ಬೀದಿಯ ಹಾರ್ನ್ ಇವನ್ನು ಶತ್ರು ಮಾಡಿಕೊಳ್ಳಬೇಡಿ. ‘ಸದ್ದು’ ಎಂದು ಗುರುತಿಸಿ ಮುಂದೆ ಹೋಗಿ.

ಕೆಲವರಿಗೆ ಉಸಿರನ್ನೇ ಗಮನಿಸುತ್ತಾ ಕೂತರೆ ಆತಂಕ ಹೆಚ್ಚುತ್ತದೆ. ಅವರು ಕಣ್ಣು ತೆರೆದು, ಪಾದ ನೆಲಕ್ಕೆ ತಾಗುವುದನ್ನೋ ಸುತ್ತಲಿನ ಸದ್ದುಗಳನ್ನೋ ಮೂರು ನಿಮಿಷ ಗಮನಿಸಿದರೆ ಸಾಕು. ಹಳೆಯ ಆಘಾತದ ನೆನಪುಗಳು ನುಗ್ಗಿ ಬಂದರೆ, ಮೈ ತನ್ನದಲ್ಲ ಎನಿಸತೊಡಗಿದರೆ ನಿಲ್ಲಿಸಿ, ಹಟ ಹಿಡಿದು ಕೂರಬೇಡಿ. ಯಾವ ಹೊತ್ತಿನಲ್ಲಾದರೂ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಧ್ಯಾನ ಕೈಹಿಡಿಯಿತೆಂದು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ನೋಡಬೇಕಾದ ಅಂಕಣ ನಾಲ್ಕನೆಯದು, ಸಿಡುಕು ಮತ್ತು ಆತಂಕ. ಕೊನೆಯ ಎರಡು ವಾರದ ಸರಾಸರಿಯನ್ನು, ಇದನ್ನು ಶುರು ಮಾಡುವ ಮುಂಚಿನ ಎರಡು ವಾರದ ಜೊತೆ ಹೋಲಿಸಿ. ಮೊದಲ ವಾರದ ಜೊತೆಗಲ್ಲ, ಏಕೆಂದರೆ ಕಾಫಿಯೂ ತಟ್ಟೆಯೂ ಈಗಾಗಲೇ ಬದಲಾಗಿವೆ. ಹೋಲಿಕೆಯಿಂದ ಹಳೆಯ ತಟ್ಟೆಯ ನಾಲ್ಕು ದಿನಗಳನ್ನು ಬಿಡಿ. ನಂತರ ಒಂದು ವಾರ ಅಭ್ಯಾಸ ನಿಲ್ಲಿಸಿ ನೋಡಿ. ಕೆಲವೊಮ್ಮೆ ಬದಲಾವಣೆಯನ್ನು ನೀವು ಗುರುತಿಸುವ ಮೊದಲು ಮನೆಯವರು ಗುರುತಿಸುತ್ತಾರೆ. ಅವರಿಗೆ ಯಾವ ವಾರ ಏನು ಎಂದು ಹೇಳದೆ, ‘ಈ ವಾರ ನನ್ನ ಸಿಡುಕು ಎಷ್ಟು?’ ಎಂದು ಅಂಕ ಕೇಳಿ. ಇಡೀ ಪ್ರಯೋಗದಲ್ಲಿ ನಿಮ್ಮ ನಿರೀಕ್ಷೆಯ ಬಣ್ಣ ಹತ್ತದ ಅಂಕ ಅದೊಂದೇ.

ಉಳಿಸುವುದು, ಬಿಡುವುದು, ಮುಂದಿನ ಸರದಿ

ಮಾಡಿದಾಗ ಗುಣ ಕಂಡು, ನಿಲ್ಲಿಸಿದಾಗ ಹೋದದ್ದನ್ನು ಉಳಿಸಿಕೊಳ್ಳಿ. ಎರಡರಲ್ಲೂ ವ್ಯತ್ಯಾಸ ಕಾಣದ್ದನ್ನು ಸಂಕೋಚವಿಲ್ಲದೆ ಬಿಡಿ. ತಟ್ಟೆ ಮಾತ್ರ ಇದಕ್ಕೆ ಹೊರತು. ಕಾಳು, ಸೊಪ್ಪಿನ ಲಾಭ ಎರಡು ವಾರದ ಅಂಕದಲ್ಲಿ ಕಾಣದಿದ್ದರೂ ವರ್ಷಗಳ ಲೆಕ್ಕದಲ್ಲಿ ಇದ್ದೇ ಇದೆ. ಊರಿಗೆ ಹೋಗಿ ಹತ್ತು ದಿನ ಎಲ್ಲ ತಪ್ಪಿದರೆ ಎಲ್ಲವನ್ನೂ ಮರುದಿನವೇ ಹಿಡಿಯಲು ಹೋಗದೆ, ಪರೀಕ್ಷೆಯಲ್ಲಿ ನಿಮಗೆ ಹೆಚ್ಚು ಫಲ ಕೊಟ್ಟ ಒಂದರಿಂದ ಶುರು ಮಾಡಿ.

ಇದೇ ಕ್ರಮದಲ್ಲಿ ಎರಡೆರಡು ವಾರ ನೋಡಬಹುದಾದ್ದು ಇನ್ನೂ ಇವೆ. ರಾತ್ರಿ ಊಟವನ್ನು ಮಲಗುವ ಮೂರು ಗಂಟೆ ಮೊದಲು ಮುಗಿಸಿ ಹತ್ತು ಹದಿನೈದು ನಿಮಿಷ ನಡೆಯುವುದು: ಎದೆಯುರಿ ಇರುವವರು ಇದನ್ನು ಮೊದಲು ಮಾಡಲಿ. ಸಕ್ಕರೆ: ಒಂದು ಟೀ ಚಮಚ 4ರಿಂದ 5 ಗ್ರಾಂ. ಲೋಟಕ್ಕೆ ಎರಡು ಚಮಚದಂತೆ ನಾಲ್ಕು ಲೋಟ ಕುಡಿದರೆ 32ರಿಂದ 40 ಗ್ರಾಂ ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 25 ಗ್ರಾಂನೊಳಗೆ ಇದ್ದರೆ ಒಳ್ಳೆಯದು ಎನ್ನುತ್ತದೆ, ಬೆಲ್ಲಕ್ಕೂ ಅದೇ ಲೆಕ್ಕ. ವಾರಕ್ಕೆ ಕಾಲು ಚಮಚದಂತೆ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಉಪ್ಪು: ದಿನಕ್ಕೆ 5 ಗ್ರಾಂ, ಎಂದರೆ ಸಮತಟ್ಟಾದ ಒಂದು ಟೀ ಚಮಚ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಯದ್ದೂ ಸೇರಿ. ಮನೆಯ ತಿಂಗಳ ಉಪ್ಪಿನ ಖರ್ಚನ್ನು ಜನರ ಸಂಖ್ಯೆಯಿಂದಲೂ ಮೂವತ್ತರಿಂದಲೂ ಭಾಗಿಸಿದರೆ ನಿಮ್ಮ ಈಗಿನ ಅಂದಾಜು ಸಿಗುತ್ತದೆ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.